ಬಾದಾಮಿ ಬಂಡೆ, ಮಂಗ ಮತ್ತು ನನ್ನ ಬುತ್ತಿ

"ಸರ್, ನಾ ಏನ್ ಮಂಗ್ಯಾ ಕಾಯಾಕ ಬಂದಿದ್ನೇನ್ರೀ?"

ಹೋದ ಆಗಸ್ಟಿನಲ್ಲಿ ಬಾದಾಮಿಯಲ್ಲಿ ನಮ್ಮ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹೀಗೆ ಕೇಳಿದಾಗ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಅವಳಿಗೆ ಹುಟ್ಟಿನಿಂದ ಒಂದು ಕಾಲಲ್ಲಿ ಬಲ ಕಮ್ಮಿ. ಊರುಗೋಲು ಹಿಡಿದು ನಡೆಯುತ್ತಾಳೆ. ಉಳಿದ ಮಕ್ಕಳನ್ನು ಕಟ್ಟಿಕೊಂಡು ಗುಹೆಯ ಮೆಟ್ಟಿಲು ಹತ್ತುವಾಗ ನಾನೇ ಅವಳಿಗೆ ಹೇಳಿದ್ದೆ, "ನೀ ಇಲ್ಲೇ ಗಿಡದ ಕೆಳಗ ಕೂಡವಾ, ಎಲ್ಲಾರ ಚೀಲ ನೋಡ್ಕೋ" ಅಂತ. ಪಾಪ, ಹತ್ತೋ ತ್ರಾಸು ತಪ್ಪಿಸಿದೆ ಅನ್ನೋ ಸಮಾಧಾನ ಬೇರೆ ನನಗೆ. ನಾವು ಮೇಲೆ ಕಣಶಿಲೆ (ಮರಳು, ಮಣ್ಣು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು), ಪದರ ಅಂತೆಲ್ಲ ಮಾತಾಡಿ ಇಳಿಯುವಷ್ಟರಲ್ಲಿ ಮಂಗಗಳು ಎರಡು ಬುತ್ತಿ ಗಂಟು ಎತ್ತಿಕೊಂಡು ಹೋಗಿದ್ದವು. ಉಳಿದವನ್ನು ಅವಳು ಊರುಗೋಲು ಬೀಸಿ ಕಾಪಾಡಿದ್ದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಜೊತೆ ಮಾತಾಡಲಿಲ್ಲ. ಬಾಗಲಕೋಟೆಗೆ ಒಂದು ತಾಸಿನ ದಾರಿ. ಅವತ್ತು ಅದು ಬಹಳ ಉದ್ದ ಅನ್ನಿಸಿತು.

ನಾನು ನವನಗರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಬೋರ್ಡಿನ ಮೇಲೆ ಮೂರು ಕಾಲಂ ಎಳೆದು, ಕೆಳಗೆ ಉದಾಹರಣೆ ಬರೆಸಿ ಎಷ್ಟೋ ವರ್ಷ ತಳ್ಳಿದ್ದೇನೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಮಾರ್ಕ್ಸೂ ಬರುತ್ತವೆ. ಕೈಗೊಂದು ಕಲ್ಲು ಕೊಟ್ಟು "ಇದು ಯಾವುದು?" ಅಂದರೆ ನನ್ನ ಮುಖ ನೋಡುತ್ತಾರೆ.

ಬಾದಾಮಿಯ ವಿಷಯವನ್ನು ನಮ್ಮ ತಾಲೂಕಿನ ಬಿಐಇಆರ್‌ಟಿ ಮೇಷ್ಟ್ರ ಹತ್ತಿರ ಹೇಳಿಕೊಂಡೆ. ವಿಶೇಷ ಅಗತ್ಯದ ಮಕ್ಕಳಿಗಾಗಿ ಶಾಲೆ ಶಾಲೆ ತಿರುಗುವವರು ಅವರು. ಬೈತಾರೆ ಅಂದುಕೊಂಡಿದ್ದೆ, ನಕ್ಕರು. "ಆಕಿಗಂತ ಬ್ಯಾರೆ ಪಾಠ ಮಾಡಬ್ಯಾಡ್ರಿ ಸರ್. ಎಲ್ಲಾರ ಪಾಠನೂ ಗುಡ್ಡದಿಂದ ಕೆಳಗ ಇಳಸ್ರಿ" ಅಂದರು. ಅಷ್ಟೇ. ಚಹಾ ಕುಡಿದು ಎದ್ದು ಹೋದರು.

ಇಳಿಸಲು ಶುರು ಮಾಡಿದ್ದು ನಮ್ಮ ಶಾಲೆಯ ವರಾಂಡಕ್ಕೆ. "ನಿಮ್ಮ ಹೊಲದ ಮಣ್ಣು ಒಂದು ಬೊಗಸೆ, ಒಂದು ಖಾಲಿ ನೀರಿನ ಬಾಟಲಿ" ಅಂತ ಹೇಳಿ ಕಳಿಸಿದೆ. ಮರುದಿನ ವರಾಂಡ ತುಂಬ ಮಣ್ಣು. ಪರೀಕ್ಷೆಯಲ್ಲಿ ಎರಡು ಸಾಲು ಬರೆಯಲು ಒದ್ದಾಡುವ ಹುಡುಗನೊಬ್ಬ ಇದ್ದಾನೆ. ರಜೆ ಇದ್ದರೆ ಹೊಲದಲ್ಲೇ ಇರುತ್ತಾನೆ. ಅವನು ಸಾಲಾಗಿಟ್ಟ ಮಣ್ಣನ್ನು ಮುಟ್ಟಿ ಮುಟ್ಟಿ "ಇದು ಎರಿ, ಇದು ಮಸಾರಿ, ಇದು ಮರಡಿ ಮಣ್ಣರೀ" ಅಂತ ಹೇಳುತ್ತಾ ಹೋದ. ಕಪ್ಪು ಎರಿ ಮಣ್ಣಿಗೆ ನೀರು ಹಾಕಿ ಹಿಸುಕಿದರೆ ಬೆರಳ ಸಂದಿಯಿಂದ ಪಟ್ಟಿ ಪಟ್ಟಿಯಾಗಿ ಬರುತ್ತದೆ, ಕೆಂಪು ಮಸಾರಿ ಪುಡಿಪುಡಿಯಾಗಿ ಉದುರುತ್ತದೆ. ಎರಿಯಲ್ಲಿ ಜೇಡಿ ಜಾಸ್ತಿ. ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಕುಡಿದ ನೀರನ್ನು ಬೇಗ ಬಿಡುವುದಿಲ್ಲ, ಅದಕ್ಕೇ ಹಿಂಗಾರಿ ಬಿಳಿಜೋಳಕ್ಕೆ ಅದು ಬೇಕು. ಇದನ್ನು ನಾನು ಹೇಳಲಿಲ್ಲ, ಅವನೇ ಹೇಳಿದ. ನಾನು 'ಜೇಡಿ' ಅನ್ನೋ ಒಂದು ಮಾತು ಸೇರಿಸಿದೆ ಅಷ್ಟೆ.

ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಜೋರಾಗಿ ಅಲುಗಾಡಿಸಿ ಕಟ್ಟೆ ಮೇಲೆ ಇಟ್ಟೆವು. ಮೊದಲು ಹರಳು, ಮರಳು ತಳಕ್ಕೆ ಕೂತವು. ಅದರ ಮೇಲೆ ನುಣುಪಾದ ರೇವೆ. ಜೇಡಿ ಮಾತ್ರ ಮರುದಿನವೂ ನೀರನ್ನು ಕಲಕಾಗೇ ಇಟ್ಟಿತ್ತು. ಅದನ್ನೇ ನೋಡುತ್ತಾ ಕೂತಿದ್ದ ಒಬ್ಬಳು ಕೇಳಿದಳು, "ಸರ್, ನಮ್ಮಜ್ಜಿ ಮನಿ ಮುಳುಗಡಿ ಆಗೇತ್ರೀ. ಅದರ ಮ್ಯಾಲೂ ಹಿಂಗ ಪದರ ಕೂಡತಿರಬೇಕಲ್ರೀ?" ನವನಗರ ಹುಟ್ಟಿದ್ದೇ ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆಗಳು ಹೋದ ಮೇಲೆ. ಕಣಶಿಲೆ ಹೇಗೆ ಶುರುವಾಗುತ್ತದೆ ಅಂತ ಇಷ್ಟು ವರ್ಷ ಪಾಠ ಮಾಡಿದ್ದೇನೆ. ಅಜ್ಜಿಯ ಮನೆಯ ಮಾಳಿಗೆ ಮೇಲೆ ಅದು ಶುರುವಾಗಬಹುದು ಅಂತ ನನಗೆ ಹೊಳೆದಿರಲಿಲ್ಲ.

ಇನ್ನೊಬ್ಬ ಹುಡುಗನಿಗೆ ದಪ್ಪ ಕನ್ನಡಕ ಹಾಕಿದರೂ ಹತ್ತಿರದ್ದು ಮಸುಕು. ಅವನಿಗಾಗಿ ಸುಣ್ಣದ ಕಲ್ಲಿನ ಪುಡಿಯನ್ನು ಸ್ಟೀಲ್ ತಂಬಿಗೆಗೆ ಹಾಕಿ, ಗೋಬಿ ಅಂಗಡಿಯಿಂದ ತಂದ ವಿನೆಗರ್ ಸುರಿದೆ. ಅವನು ಕಿವಿ ಹಚ್ಚಿ "ಸೋಡಾ ಬಾಟ್ಲಿ ಸರ್!" ಅಂದ. ಮರಳುಗಲ್ಲಿನ ಪುಡಿಗೆ ಹಾಕಿದರೆ ಸದ್ದೇ ಇಲ್ಲ. ಆಮೇಲೆ ಎಲ್ಲರಿಗೂ ತಂಬಿಗೆಗೆ ಕಿವಿ ಹಚ್ಚೋ ಹುಚ್ಚು. ನೋಡಿ ತಿಳಿಯುವುದಕ್ಕಿಂತ ಕೇಳಿ ತಿಳಿಯುವುದೇ ಮಜಾ ಅಂತ ಕಣ್ಣು ನೆಟ್ಟಗಿದ್ದವರೂ ಒಪ್ಪಿದರು.

ಜನವರಿಯಲ್ಲಿ ಮತ್ತೆ ಬಾದಾಮಿ ಅಂದಾಗ ಹೆಡ್ ಮಾಸ್ತರರು "ಅಲ್ರೀ, ಮತ್ತ ಬಾದಾಮಿನಾ?" ಅಂದರು. ಈ ಸಲ ನಾನು ಒಂದು ಭಾನುವಾರ ಒಬ್ಬನೇ ಹೋಗಿ, ಅಗಸ್ತ್ಯ ಕೆರೆಯ ದಂಡೆ ಹಿಡಿದು ಭೂತನಾಥ ಗುಡಿ ಕಡೆ ಹೋಗುವ ದಾರಿಯನ್ನು ನಡೆದು ನೋಡಿ ಬಂದಿದ್ದೆ. ಅಲ್ಲಲ್ಲಿ ಮೆಟ್ಟಿಲು ಇವೆ, ಆದರೆ ಗುಹೆಯಂಥ ಏರಲ್ಲ. ಬಗಲಲ್ಲೇ ಕೆಂಪು ಬಂಡೆ. ಕ್ರಿ.ಶ. 578ರಲ್ಲಿ ಚಾಲುಕ್ಯರ ಮಂಗಳೇಶ ಶಾಸನ ಹಾಕಿಸಿದ ಮೂರನೇ ಗುಹೆಯೂ ಇದೇ ಮರಳುಗಲ್ಲಿನಲ್ಲೇ ಕೊರೆದದ್ದು. ಮೇಲೆ ಹತ್ತಿದರೆ ಮಾತ್ರ ಭೂಗೋಳ ಅಂತ ಯಾಕೆ ಅಂದುಕೊಂಡಿದ್ದೆನೋ.

ಹೊರಡುವ ಹಿಂದಿನ ದಿನ ವರಾಂಡದಲ್ಲಿ ಹಳೇ ತಗಡಿನ ಟ್ರೇಗೆ ಮರಳು ಹಾಕಿ, ಒಂದು ಕಡೆಯಿಂದ ಮಗ್ಗಿನಲ್ಲಿ ಸಣ್ಣಗೆ ನೀರು ಬಿಟ್ಟಿದ್ದೆವು. ಮರಳು ಹರಿದು ಮುಂದೆ ಹೋಗಿ, ದಿಬ್ಬದ ತುದಿಯಿಂದ ಜಾರಿ ಓರೆಯಾಗಿ ಕೂಡುತ್ತದೆ. ಅದರ ಮೇಲೊಂದು ಓರೆ, ಮತ್ತೊಂದು. ನೀರು ಹೋದ ದಿಕ್ಕಿಗೇ ಇಳಿಜಾರು. ನೀರು ಜೋರು ಮಾಡಿದರೆ ಓರೆಗಳ ತಲೆ ಕೊಚ್ಚಿಕೊಂಡು ಹೋಗುತ್ತದೆ, ಬುಡ ಮಾತ್ರ ನೆಲಕ್ಕೆ ಬಾಗಿ ಮಲಗಿದಂತೆ ಉಳಿಯುತ್ತದೆ. ಬಾದಾಮಿಯ ಕಲ್ಲು ಹಳೇ ನದಿಗಳು ತಂದು ಸುರಿದ ಮರಳು. ಅದರಲ್ಲೂ ಇದೇ ಓರೆ ಗೆರೆಗಳು ಕಾಣುತ್ತವೆ.

ಕೆರೆ ದಂಡೆಯಲ್ಲಿ ಎದೆಮಟ್ಟದ ಒಂದು ಬಂಡೆ ಸಿಕ್ಕಿತು. ಪುರಾತತ್ವದವರ ಜಾಗ, ಕೆರೆಯುವುದು ಕೀಳುವುದು ಇಲ್ಲ, ಅಂಗೈ ಇಟ್ಟು ನೋಡ್ರಿ ಅಂದೆ. ನಮ್ಮ ಊರುಗೋಲಿನವಳು ಬಂಡೆಗೆ ಒರಗಿ ಗೆರೆಯ ಮೇಲೆ ಬೆರಳು ಎಳೆದಳು. ಕಾಗದದ ದಪ್ಪದಷ್ಟೇ ಎದ್ದ ಅಂಚುಗಳು, ನಡುವೆ ಸಣ್ಣ ಗುಂಡಿ. ಬೆರಳ ತುದಿಗೆ ಕೆಂಪು ಹರಳು ಅಂಟಿತ್ತು. "ನೀರು ಕೆರಿ ಕಡಿಂದ ಬಂದೈತ್ರೀ ಸರ್" ಅಂತ ಊರುಗೋಲು ಎತ್ತಿ ತೋರಿಸಿದಳು.

"ಏ, ಈ ಕಲ್ಲ ಮ್ಯಾಲಿಂದ ಉಳ್ಳಿ ಬಿದ್ದದ್ದಲೇ" ಅಂದ ನಮ್ಮ ಮಣ್ಣಿನ ಹುಡುಗ. "ಬಿದ್ದಾಗ ಎತ್ತಾಗರೆ ತಿರುಗಿರತೈತಿ. ದಿಕ್ಕು ಹ್ಯಾಂಗ ಹೇಳತಿ?"

ಅವಳು ಸುಮ್ಮನಾದಳು. ನಾನೂ. ಸುಳ್ಳೇಕೆ, ಆ ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವಳು ಮತ್ತೆ ಬೆರಳಿಟ್ಟಳು. ಈ ಸಲ ಗೆರೆಯ ಎರಡೂ ತುದಿ ಹುಡುಕಿದಳು. ಕೆಳಗಿನ ತುದಿ ಚಾಕುವಿನಿಂದ ಕೊಯ್ದಂತೆ ನೆಟ್ಟಗೆ ನಿಂತಿತ್ತು. ಮೇಲಿನ ತುದಿ ಬಾಗಿ ಮಲಗಿತ್ತು. ಟ್ರೇಯಲ್ಲಿ ಕಂಡದ್ದಕ್ಕೆ ಉಲ್ಟಾ.

"ಸರ್ರ, ಇದು ತಲಿಕೆಳಗ ಬಿದ್ದೈತ್ರೀ!"

ಎಲ್ಲರೂ ಬಂಡೆಗೆ ಮುತ್ತಿದರು. ಒಬ್ಬ ತಲೆ ಕೆಳಗೆ ಮಾಡಿ ಕಾಲ ಸಂದಿಯಿಂದ ನೋಡಿದ. ದಪ್ಪ ಕನ್ನಡಕದವನು ಎರಡೂ ಕೈ ಹಾಕಿ ತಡವಿ "ಹೌದ್ರೀ, ತಲಿಕೆಳಗ" ಅಂತ ಸಾಕ್ಷಿ ಹೇಳಿದ. ಮಣ್ಣಿನ ಹುಡುಗ ಮಾತ್ರ ಬಿಡಲಿಲ್ಲ. ತಲೆಕೆಳಗು ಅಂತ ಗೊತ್ತಾದರೂ ದಿಕ್ಕು ಗೊತ್ತಾಗಲ್ಲ, ಗಿರಕಿ ಹೊಡೆದಿದ್ದರೆ? ಅವನು ಹೇಳಿದ್ದು ಸರಿ. "ಹಂಗಾರ ಉಳ್ಳಲಾರದ ಕಲ್ಲ ಹುಡುಕೂಣು ನಡಿ" ಅಂತ ಅವಳೇ ಮುಂದೆ ಹೊರಟಳು, ಗುಡ್ಡದ ಗೋಡೆ ದಾರಿಗೆ ತಾಗಿಕೊಂಡೇ ಇರುವ ಕಡೆಗೆ. ನಾವೆಲ್ಲ ಹಿಂದೆ.

ಗೋಡೆಯ ಹತ್ತಿರ ಇಬ್ಬರ ಜಗಳ ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ವಾಪಸ್ ಬಂದು ನೋಡಿದರೆ, ಕಟ್ಟೆ ಮೇಲೆ ಮಂಗವೊಂದು ಕೂತು ಸಜ್ಜಿ ರೊಟ್ಟಿ ಮುರಿಯುತ್ತಿತ್ತು. ಈ ಸಲ ಚೀಲದ ಹತ್ತಿರ ಯಾರನ್ನೂ ಕೂರಿಸಿರಲಿಲ್ಲ. ಮಕ್ಕಳು ತಂತಮ್ಮ ಚೀಲ ಬೆನ್ನಿಗೆ ಹಾಕಿಕೊಂಡೇ ತಿರುಗಿದ್ದರು. ಕಟ್ಟೆ ಮೇಲೆ ಬಿಟ್ಟು ಹೋದದ್ದು ನನ್ನದೊಂದೇ.

ಅವಳು ತನ್ನ ಬುತ್ತಿ ಬಿಚ್ಚಿ ಒಂದು ರೊಟ್ಟಿ, ಶೇಂಗಾ ಚಟ್ನಿ ನನ್ನ ಕೈಗಿಟ್ಟಳು. "ಮುಂದಿನ ಸಲ ನೀವ ಗಿಡದ ಕೆಳಗ ಕೂಡ್ರಿ ಸರ್" ಅಂದಳು.