ಪಾಡ್‌ಕಾಸ್ಟ್‌ಗೆ ಬರೆದ ಎರಡನೆಯ ಪತ್ರ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಮನೆಯ ಜಗಲಿಯ ತುಂಬ ಮಾವಿನ ಮಿಡಿ. ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಪ್ಪೆಮಿಡಿಯ, ಅಂದರೆ ಪರಿಮಳದ ಕಾಡುಮಾವಿನ ಎಳೆಗಾಯಿಯ, ಉಪ್ಪಿನಕಾಯಿಯ ಸಣ್ಣ ಉದ್ಯಮವನ್ನು ನಾನು ನಡೆಸಿಕೊಂಡು ಬಂದು ಆರು ವರ್ಷಗಳಾದವು. ಮರದಿಂದ ಇಳಿಸಿದ ಮಿಡಿಯನ್ನು ಆದಷ್ಟು ಬೇಗ ಆರಿಸಿ ಉಪ್ಪಿಗೆ ಹಾಕಬೇಕು. ತೊಟ್ಟು ಕಳಚಿದ್ದು, ನೆಲಕ್ಕೆ ಬಿದ್ದು ಪೆಟ್ಟಾದದ್ದು, ಗೊರಟು ಬಲಿತದ್ದು ಎಲ್ಲವೂ ಬೇರೆಯಾಗಬೇಕು. ಕೈಯನ್ನೂ ಕಣ್ಣನ್ನೂ ಪೂರ್ತಿಯಾಗಿ ಬೇಡುವ ಈ ಕೆಲಸದಲ್ಲಿ ಬಿಡುವಾಗಿರುವುದು ಕಿವಿ ಮಾತ್ರ. ಅತ್ತೆಯವರ ಕಾಲದಲ್ಲಿ ಆ ಕಿವಿಗೆ ಆಕಾಶವಾಣಿಯ ಕೃಷಿರಂಗವಿತ್ತು, ನನ್ನ ಕಾಲಕ್ಕೆ ಪಾಡ್‌ಕಾಸ್ಟ್ ಬಂದಿದೆ. ಮಿಡಿ ಆರಿಸುತ್ತ ಕುಳಿತ ಆ ದಿನಗಳಲ್ಲಿ ಜೇನು ಸಾಕುವವರು, ನೇಕಾರರು, ಊರು ಬಿಟ್ಟು ಹೋಗಿ ಮರಳಿ ಬಂದು ಬೇಸಾಯಕ್ಕೆ ಇಳಿದವರು ಗಂಟೆಗಟ್ಟಲೆ ಮಾತನಾಡಿದ್ದನ್ನು ನಾನು ಕೇಳಿದ್ದೇನೆ. ಅವರಲ್ಲಿ ಇಬ್ಬರಿಂದ ಜೇನುತುಪ್ಪವನ್ನೂ ಒಂದು ಸೀರೆಯನ್ನೂ ತರಿಸಿಕೊಂಡಿದ್ದೇನೆ.

ನಾನೂ ಹಾಗೆ ಮಾತನಾಡಬೇಕು ಎಂಬ ಯೋಚನೆ ಹುಟ್ಟಿದ್ದು ಶಿವಮೊಗ್ಗದ ಅಂಗಡಿಯೊಂದರ ಕಪಾಟಿನ ಮುಂದೆ. ಜೀರಿಗೆಯ ವಾಸನೆಯ ಮಿಡಿಯಾದ ನನ್ನ ಜೀರಿಗೆ ಅಪ್ಪೆಯ ಬಾಟಲಿಯ ಪಕ್ಕದಲ್ಲೇ ಸಾಮಾನ್ಯ ಮಿಡಿಯ ಬಾಟಲಿಯಿತ್ತು. ಬಣ್ಣ ಒಂದೇ, ಗಾತ್ರ ಒಂದೇ, ಬೆಲೆ ಮಾತ್ರ ಹೆಚ್ಚುಕಡಿಮೆ ಅರ್ಧ. ಗಿರಾಕಿಯೊಬ್ಬರು ಎರಡನ್ನೂ ಕೈಗೆತ್ತಿಕೊಂಡು ನೋಡಿ ನನ್ನದನ್ನು ಹಿಂದಕ್ಕೆ ಇಟ್ಟರು. ಅವರ ನಿರ್ಧಾರದಲ್ಲಿ ತಪ್ಪೇನೂ ಇರಲಿಲ್ಲ. ಜೀರಿಗೆ ಅಪ್ಪೆಯ ತೊಟ್ಟು ಮುರಿದಾಗ ಸೊನೆಯಿಂದ ಏಳುವ ಆ ಪರಿಮಳವನ್ನು ಲೇಬಲ್ಲಿನ ಮೇಲೆ ಅಚ್ಚು ಹಾಕುವುದಕ್ಕೆ ಆಗುವುದಿಲ್ಲ. ಆ ಸೊನೆಯೇ ಮಿಡಿಗೆ ವಾಸನೆಯನ್ನೂ ಬಾಳಿಕೆಯನ್ನೂ ಕೊಡುತ್ತದೆ, ಅದಕ್ಕಾಗಿಯೇ ತೊಟ್ಟಿನ ಸಮೇತ ಕೊಯ್ಯಬೇಕು, ಎತ್ತರದ ಮರವೇರಿ ಹಾಗೆ ಕೊಯ್ದು ಕೆಳಗಿಳಿಸುವವನ ಕೂಲಿಯೇ ಬೆಲೆಯ ದೊಡ್ಡ ಪಾಲು ಎಂಬುದನ್ನು ಹೇಳಬೇಕಾದರೆ ಹತ್ತು ನಿಮಿಷವಾದರೂ ಬೇಕು. ಅಷ್ಟು ಹೊತ್ತು ನಿಂತು ಕೇಳುವವರು ಅಂಗಡಿಯಲ್ಲಿ ಇರುವುದಿಲ್ಲ. ಮೊಬೈಲಿನಲ್ಲಿ ಕೊಟ್ಟ ಜಾಹೀರಾತನ್ನು ಜನ ನೋಡುವುದು ಕೆಲವೇ ಕ್ಷಣ. ಪಾಡ್‌ಕಾಸ್ಟ್ ಕೇಳುವವರಲ್ಲಿ ಆ ವ್ಯವಧಾನವಿದೆಯೆಂದು ನನ್ನ ಅನುಭವದಿಂದಲೇ ನನಗೆ ಗೊತ್ತಿತ್ತು.

ಮೇ ತಿಂಗಳ ಕೊನೆಗೆ ಒಂದು ಪತ್ರ ಬರೆದು ಒಂಬತ್ತು ಪಾಡ್‌ಕಾಸ್ಟ್‌ಗಳಿಗೆ ಇಮೇಲ್ ಮಾಡಿದೆ. ಉದ್ಯಮ ಆರಂಭಿಸಿದ ವರ್ಷ, ಪಡೆದ ತರಬೇತಿ, ಮಾಡುವ ಉಪ್ಪಿನಕಾಯಿಗಳ ಹೆಸರು, ಬೆಲೆಪಟ್ಟಿ, ಬಾಟಲಿಗಳ ಚಿತ್ರ, ಎಲ್ಲವೂ ಅದರಲ್ಲಿತ್ತು. ಒಂಬತ್ತಕ್ಕೂ ಅದೇ ಪತ್ರ. ಮೇಲಿನ ಹೆಸರನ್ನಷ್ಟೇ ಬದಲಿಸಿದ್ದೆ. ಎರಡು ವಾರ ಕಳೆದರೂ ಏಳು ಕಡೆಯಿಂದ ಉತ್ತರವೇ ಬರಲಿಲ್ಲ. ಒಂದು ಕಡೆಯವರು ಫೋನ್ ಮಾಡಿ, ಇಪ್ಪತ್ತೈದು ಸಾವಿರ ರೂಪಾಯಿ ಕೊಟ್ಟರೆ ಅರ್ಧ ಗಂಟೆಯ ಸಂದರ್ಶನ ಮಾಡುವುದಾಗಿ ಹೇಳಿದರು. ಹಣ ಪಡೆದಿರುವುದನ್ನು ಕೇಳುಗರಿಗೆ ತಿಳಿಸುತ್ತೀರಾ ಎಂದು ಕೇಳಿದಾಗ ಅದರ ಅಗತ್ಯವಿಲ್ಲವೆಂದರು. ಅಗತ್ಯವಿದೆ. ಹಣ ಪಡೆದು ಮಾಡುವ ಪ್ರಚಾರವನ್ನು ಪ್ರಚಾರವೆಂದೇ ಸ್ಪಷ್ಟವಾಗಿ ಗುರುತಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆ ಮಾರ್ಗಸೂಚಿ ಇಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ. ನಾನು ನಂಬಿ ಕೇಳಿದ ಜೇನು ಕೃಷಿಕರು ಹಣ ಕೊಟ್ಟು ಆ ಕುರ್ಚಿಯಲ್ಲಿ ಕುಳಿತಿದ್ದರೆಂದು ತಿಳಿದರೆ ನನಗೆ ಹೇಗೆ ಅನಿಸೀತು ಎಂಬುದನ್ನು ನೆನೆದುಕೊಂಡೆ.

ಒಂಬತ್ತನೆಯವರ ಉತ್ತರ ಎರಡೇ ಸಾಲಿನದು. ‘ನಿಮ್ಮ ಪತ್ರ ಓದಿದೆ ಮೇಡಂ. ನೀವು ಏನು ಮಾರುತ್ತೀರಿ ಎಂಬುದು ತಿಳಿಯಿತು, ಆದರೆ ನಾನು ನಿಮ್ಮನ್ನು ಏನು ಕೇಳಬೇಕು ಎಂಬುದು ತಿಳಿಯಲಿಲ್ಲ.’ ಅದನ್ನು ಓದಿ ಮೊದಲು ನೋವಾಯಿತು. ಅನಂತರ ಅದೇ ಪತ್ರವನ್ನು ಕೇಳುಗಳಾಗಿ ಓದಲು ಪ್ರಯತ್ನಿಸಿದೆ. ಮಿಡಿ ಆರಿಸುತ್ತ ಕುಳಿತವಳೊಬ್ಬಳಿಗೆ ನನ್ನ ಬೆಲೆಪಟ್ಟಿಯಿಂದ ಆಗುವುದೇನಿದೆ?

ಮೇಳಗಳಲ್ಲಿ ಮಳಿಗೆ ಹಾಕಿದಾಗ ಜನ ಕೇಳುವ ಪ್ರಶ್ನೆಗಳನ್ನು ನನ್ನ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಡುವ ಅಭ್ಯಾಸ ನನಗಿತ್ತು. ಅದನ್ನು ತೆರೆದೆ. ಎಣ್ಣೆ ಹಾಕದ ಉಪ್ಪಿನಕಾಯಿ ವರ್ಷಗಟ್ಟಲೆ ಹೇಗೆ ಉಳಿಯುತ್ತದೆ? ಭರಣಿಯ ಮೇಲೆ ಬಿಳಿಯ ಪೊರೆ ಕಟ್ಟುವುದೇಕೆ? ಬೆಂಗಳೂರಿನ ಫ್ಲ್ಯಾಟಿನಲ್ಲಿ ಮಿಡಿಯನ್ನು ಉಪ್ಪಿಗೆ ಹಾಕಬಹುದೇ? ಅಜ್ಜಿಯ ಮನೆಯ ಮರದ ರುಚಿ ಬೇರೆ ಯಾವ ಮರದಲ್ಲೂ ಸಿಗದಿರುವುದೇಕೆ? ಆರು ವರ್ಷಗಳಲ್ಲಿ ನೂರಾರು ಜನ ನನ್ನನ್ನು ಈ ಪ್ರಶ್ನೆಗಳನ್ನು ಕೇಳಿದ್ದರು. ನಿರೂಪಕರಿಗೆ ಬೇಕಾಗಿದ್ದುದು ಆ ಹಾಳೆಗಳಲ್ಲಿತ್ತು. ನಾನು ಕಳಿಸಿದ್ದು ಮುಂದಿನ ಹಾಳೆಗಳ ಲೆಕ್ಕವನ್ನು.

ಎರಡನೆಯ ಪತ್ರವನ್ನು ಬರೆಯುವ ಮೊದಲು ಆ ಪಾಡ್‌ಕಾಸ್ಟಿನ ಹನ್ನೊಂದು ಕಂತುಗಳನ್ನು ಕೇಳಿದೆ. ಅವರು ತಿಂಡಿತಿನಿಸಿನ ಬಗ್ಗೆ ಮಾತನಾಡಿಸಿದ್ದು ಒಮ್ಮೆ ಮಾತ್ರ. ಹೆಚ್ಚಿನ ಅತಿಥಿಗಳು ಊರಿನ ಕೆಲಸವೊಂದನ್ನು ಉಳಿಸಿಕೊಂಡು ಬಂದವರಾಗಿದ್ದರು. ಮಡಕೆ ಮಾಡುವವರೊಬ್ಬರ ಕಂತಿನಲ್ಲಿ, ಜೇಡಿಮಣ್ಣು ಸಿಗುವ ಕೆರೆಗಳೇ ಇಲ್ಲವಾಗುತ್ತಿವೆ ಎಂಬ ಮಾತಿನ ಬಳಿ ನಿರೂಪಕರು ಬಹಳ ಹೊತ್ತು ನಿಂತಿದ್ದರು. ಅದನ್ನು ಹಿಡಿದುಕೊಂಡೇ ಪತ್ರ ಆರಂಭಿಸಿದೆ: ‘ಮಣ್ಣಿನ ಕೆರೆಯ ಬಗ್ಗೆ ನೀವು ಕೇಳಿದ ಪ್ರಶ್ನೆಯನ್ನು ನಾನು ಮಾವಿನ ಮರದ ಬಗ್ಗೆ ದಿನವೂ ಕೇಳಿಕೊಳ್ಳುತ್ತೇನೆ. ಹೊಳೆಯ ದಂಡೆಯ ಕಾಡುಮಾವಿನ ಮರಗಳಲ್ಲಿ ಒಂದೊಂದಕ್ಕೂ ಒಂದೊಂದು ಪರಿಮಳ. ಮಿಡಿಗೆ ಬೇಡಿಕೆ ಹೆಚ್ಚಿದಂತೆ ಕೊಂಬೆಗಳನ್ನೇ ಕಡಿದು ಕೆಡವಿ ಮಿಡಿ ಕೊಯ್ಯುವುದು ನಡೆದಿದೆ. ಉಪ್ಪಿನಕಾಯಿ ಮಾರುವ ನಾನೂ ಆ ಬೇಡಿಕೆಯ ಒಂದು ಭಾಗ. ಇದರ ಬಗ್ಗೆ ಮಾತನಾಡಬಲ್ಲೆ.’ ಕೆಳಗೆ ಮೂರು ಪ್ರಶ್ನೆಗಳನ್ನು ಬರೆದು, ಫೋನಿನಲ್ಲಿ ಮುದ್ರಿಸಿದ ಎರಡು ನಿಮಿಷದ ನನ್ನ ಮಾತನ್ನು ಸೇರಿಸಿದೆ. ಅತಿಥಿಯ ಧ್ವನಿ ಹೇಗಿದೆ, ವಾಕ್ಯ ಮುಗಿಸುತ್ತಾರೋ ಇಲ್ಲವೋ ಎಂಬುದನ್ನು ಪತ್ರ ಹೇಳಲಾರದು. ಬೆಲೆಪಟ್ಟಿಯನ್ನು ಕಳಿಸಲಿಲ್ಲ. ಹತ್ತು ದಿನಗಳಾದ ಮೇಲೆ ಒಂದೇ ಒಂದು ಸಲ ನೆನಪಿಸಿದೆ. ಮರುದಿನ ಸಂಜೆ ಅವರೇ ಫೋನ್ ಮಾಡಿದರು.

ಧ್ವನಿಮುದ್ರಣದ ದಿನ ಗೊತ್ತಾದದ್ದು ಜುಲೈ ಮೊದಲ ವಾರಕ್ಕೆ. ಆ ಹೊತ್ತಿಗೆ ನಮ್ಮಲ್ಲಿ ಮಳೆ ಹಿಡಿದು, ಹಂಚಿನ ಮೇಲಿನ ಸದ್ದಿನಲ್ಲಿ ಪಕ್ಕದ ಕೋಣೆಯವರ ಮಾತೂ ಕೇಳುವುದಿಲ್ಲ. ಕಿಟಕಿಯಿಲ್ಲದ ಉಗ್ರಾಣವೇ ಸರಿಯೆಂದು ನಿರ್ಧರಿಸಿದೆ. ಅದರ ಮೇಲೆ ಮಣ್ಣು ಮೆತ್ತಿದ ಅಟ್ಟವಿದೆ, ಗೋಡೆಯುದ್ದಕ್ಕೂ ಅಡಿಕೆಯ ಗೋಣಿಚೀಲಗಳಿವೆ. ಬರಿಯ ಗೋಡೆಯಾದರೆ ಮಾತು ಬಡಿದು ಮರಳುತ್ತದೆ, ಗೋಣಿ ಅದನ್ನು ನುಂಗಿಕೊಳ್ಳುತ್ತದೆ. ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗುವ ಊರಾದುದರಿಂದ, ಕರೆಯಲ್ಲಿ ಮಾತನಾಡುತ್ತಲೇ ನನ್ನ ಧ್ವನಿಯನ್ನು ನನ್ನ ಕಡೆಯಲ್ಲಿಯೇ ಇನ್ನೊಂದು ಫೋನಿನಲ್ಲಿ ಮುದ್ರಿಸಿಕೊಂಡು ಆಮೇಲೆ ಕಳಿಸಬೇಕೆಂದು ನಿರೂಪಕರು ಹೇಳಿಕೊಟ್ಟಿದ್ದರು. ಕರೆ ಎರಡು ಬಾರಿ ತುಂಡಾದರೂ ಮುದ್ರಣ ಹಾಳಾಗಲಿಲ್ಲ.

ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಮಿಡಿ ತನ್ನ ನೀರು ಬಿಟ್ಟು ಮುರುಟುವವರೆಗೆ ಕಾಯುವುದು. ಆ ಉಪ್ಪುನೀರಿನಲ್ಲೇ ಸಾಸಿವೆ, ಮೆಣಸು, ಅರಿಸಿನ ಅರೆಯುವುದು. ಇದನ್ನೆಲ್ಲ ಹೇಳುವುದು ಸುಲಭವಾಯಿತು. ಅಪ್ಪೆಮಿಡಿ ಜೀರ್ಣಕ್ಕೆ ಒಳ್ಳೆಯದಂತೆ, ಪಿತ್ತಕ್ಕೆ ಔಷಧಿಯಂತೆ, ಹೌದೇ ಎಂದು ಅವರು ಕೇಳಿದಾಗ ಒಂದು ಕ್ಷಣ ತಡೆದೆ. ಹೌದೆಂದಿದ್ದರೆ ನಾಲ್ಕು ಬಾಟಲಿ ಹೆಚ್ಚು ಮಾರಾಟವಾಗುತ್ತಿತ್ತೇನೋ. ಆದರೆ ಆಹಾರ ಮಾರುವವರು ತಮ್ಮ ಪದಾರ್ಥ ರೋಗ ಗುಣಪಡಿಸುತ್ತದೆಂದು ಹೇಳಿಕೊಳ್ಳುವಂತಿಲ್ಲ, ಕಾನೂನು ಅದನ್ನು ತಡೆಯುತ್ತದೆ. ‘ಇದರಲ್ಲಿ ಉಪ್ಪು ಹೆಚ್ಚು ಸರ್, ರಕ್ತದೊತ್ತಡ ಇರುವವರು ಒಂದೇ ಮಿಡಿಗೆ ನಿಲ್ಲಿಸಬೇಕು’ ಎಂದೆ.

ಆಮೇಲೆ ಮಾತು ಮರಗಳ ಕಡೆಗೆ ತಿರುಗಿತು. ಗೊರಟಿನಿಂದ ಹುಟ್ಟಿದ ಸಸಿ ತಾಯಿಮರದ ಗುಣವನ್ನೇ ಪಡೆಯುತ್ತದೆಂಬ ಭರವಸೆಯಿಲ್ಲ, ಹಾಗಾಗಿ ಒಂದು ಮರ ಹೋದರೆ ಅದರ ಪರಿಮಳವೂ ಅದರೊಡನೆಯೇ ಹೋಗುತ್ತದೆ. ಉಳಿಸಿಕೊಳ್ಳಲು ಇರುವ ದಾರಿ ಕಸಿ. ಮಲೆನಾಡಿನ ಕೆಲವು ರೈತರು ಒಳ್ಳೆಯ ತಳಿಗಳನ್ನು ಹುಡುಕಿ ಕಸಿ ಕಟ್ಟಿದ್ದರಿಂದಲೇ ಎಷ್ಟೋ ಮಿಡಿಗಳು ಇಂದು ತೋಟಗಳಲ್ಲಿ ಬದುಕಿವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಅಪ್ಪೆಮಿಡಿ ತಳಿಗಳನ್ನು ಸಂಗ್ರಹಿಸಿದೆ. ಅಪ್ಪೆಮಿಡಿಗೆ ಜಿ.ಐ. ಮಾನ್ಯತೆ, ಅಂದರೆ ಈ ಪ್ರದೇಶದ್ದೇ ಎಂಬ ಭೌಗೋಳಿಕ ಗುರುತು, ದೊರೆತಿರುವುದು ಸಂತೋಷವೇ, ಆದರೆ ಮಾನ್ಯತೆಯ ಹೆಸರಿನಲ್ಲಿ ಬೇಡಿಕೆ ಬೆಳೆದು ಮರ ಕಡಿಮೆಯಾದರೆ ಆ ಹೆಸರನ್ನು ಯಾವುದಕ್ಕೆ ಇಡುವುದು ಎಂದು ಕೇಳುವಾಗ ನನ್ನ ಧ್ವನಿ ನಡುಗಿತು. ಆ ಭಾಗವನ್ನು ತೆಗೆದುಹಾಕಿ ಎಂದು ಆಮೇಲೆ ಕೇಳಿಕೊಂಡೆ. ನಿರೂಪಕರು ಒಪ್ಪಲಿಲ್ಲ, ಅವರು ಮಾಡಿದ್ದೇ ಸರಿ ಎಂದು ಈಗ ಅನಿಸುತ್ತದೆ.

ಕಂತು ಪ್ರಸಾರವಾದ ದಿನ ಮೂರು ಬಾಟಲಿಗೆ ಬೇಡಿಕೆ ಬಂತು, ಅದರಲ್ಲಿ ಒಂದು ನನ್ನ ತಂಗಿಯದು. ಕೇಳುಗರಿಗೆಂದೇ ಕೊಟ್ಟಿದ್ದ ಕೂಪನ್ ಕೋಡಿನಿಂದ ಲೆಕ್ಕ ಇಡುತ್ತಿದ್ದೆ. ಜಾಹೀರಾತಿನ ಹಾಗೆ ಒಂದೇ ದಿನ ಏರಿ ಇಳಿಯದೆ, ಕೇಳುಗರು ಮರುವಾರ, ಮರುತಿಂಗಳು ಒಬ್ಬೊಬ್ಬರಾಗಿ ಬಂದರು. ಮೂರು ತಿಂಗಳಲ್ಲಿ ಆ ಕೋಡ್ ಬಳಸಿ ಹೋದದ್ದು 86 ಬಾಟಲಿ. ದೊಡ್ಡ ಸಂಖ್ಯೆಯೇನಲ್ಲ, ಆದರೆ ಬೆಲೆ ಯಾಕೆ ಹೆಚ್ಚು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ, ಮುಕ್ಕಾಲು ಪಾಲು ಜನ ಎರಡನೆಯ ಬಾರಿ ತರಿಸಿಕೊಂಡರು. ಶಿವಮೊಗ್ಗದ ಕಪಾಟಿನಲ್ಲಿ ನಾನು ಹೇಳಲಾಗದೆ ಉಳಿದಿದ್ದ ಹತ್ತು ನಿಮಿಷವನ್ನು ಅವರು ಪೂರ್ತಿ ಕೇಳಿ ಬಂದಿದ್ದರು.

ಅಕ್ಟೋಬರಿನಲ್ಲಿ ರಿಪ್ಪನ್‌ಪೇಟೆಯ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. ‘ತಂಗೀ, ನಿನ್ನ ಮಾತು ಮಗ ಕೇಳಿಸಿದ. ನಮ್ಮ ಗದ್ದೆಯ ಅಂಚಿನ ಮರವನ್ನು ಈ ಸಲ ಕೊಯ್ಲಿಗೆ ಕೊಡುವಾಗ ಕೊಂಬೆ ಕಡಿಯಬಾರದೆಂದು ಮೊದಲೇ ಹೇಳಿ ಕೊಡುತ್ತೇನೆ. ಕರ್ಪೂರದ ವಾಸನೆ ಅದಕ್ಕೆ. ಕಸಿಗೆ ಕಡ್ಡಿ ಬೇಕಿದ್ದರೆ ಬಂದು ತೆಗೆದುಕೊಂಡು ಹೋಗು’ ಎಂದರು. ಉಪ್ಪಿನಕಾಯಿಯ ಮಾತನ್ನೇ ಅವರು ಎತ್ತಲಿಲ್ಲ. ಅವರ ಮನೆಯಲ್ಲೇ ಮೂರು ಭರಣಿ ಇದೆಯಂತೆ. ಕಡ್ಡಿ ತರಲು ಹೋಗುವ ದಿನವನ್ನು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ, ಜನರ ಪ್ರಶ್ನೆಗಳ ಕೆಳಗೆ ಬರೆದುಕೊಂಡೆ.