ಮದುವೆಗೆ ನಾಯಿ ಬರಲಿ, ಬೆಲ್ಟ್ ಯಾರ ಕೈಯಲ್ಲಿ?

ಮದುವೆಗಳನ್ನು ನಡೆಸಿಕೊಡುವುದು ನನ್ನ ಕೆಲಸ. ಈಗೀಗ ಕೆಲವು ಜೋಡಿಗಳು ಎಲ್ಲ ಮಾತು ಮುಗಿದ ಮೇಲೆ ಸ್ವಲ್ಪ ಸಂಕೋಚದಿಂದ, "ನಮ್ಮ ನಾಯಿನೂ ಇರಬೇಕು" ಅನ್ನುತ್ತಾರೆ. ಇರಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಆ ದಿನ ಬೆಲ್ಟ್ ಹಿಡಿಯುವವರು ಯಾರು?

"ತಮ್ಮ ಇದ್ದಾನೆ, ಅಪ್ಪ ಇದ್ದಾರೆ, ಯಾರಾದ್ರೂ ನೋಡ್ಕೋತಾರೆ" ಅನ್ನುವುದೇ ಸಾಮಾನ್ಯ ಉತ್ತರ. ತೊಂದರೆ ಶುರುವಾಗುವುದೇ ಇಲ್ಲಿ. ಆ ದಿನ ತಮ್ಮನಿಗೂ ಅಪ್ಪನಿಗೂ ಕೈತುಂಬ ಕೆಲಸ. ಒಬ್ಬರು ಫೋಟೋಗೆ ನಿಲ್ಲಬೇಕು, ಇನ್ನೊಬ್ಬರು ಬಂದವರನ್ನು ಮಾತಾಡಿಸಬೇಕು. ಬೆಲ್ಟ್ ಕೈಯಿಂದ ಕೈಗೆ ದಾಟುತ್ತಾ ಕೊನೆಗೆ ನಾಯಿಗೆ ಪರಿಚಯವೇ ಇಲ್ಲದ ಯಾರೋ ಹುಡುಗನ ಹತ್ತಿರ ಬಂದು ನಿಲ್ಲುತ್ತದೆ. ಹಾಲ್‌ನ ಬಾಗಿಲು ಹೇಗೂ ತೆರೆದೇ ಇರುತ್ತದೆ. ಹೆದರಿದ ನಾಯಿ ಓಡಿದರೆ ಮದುಮಕ್ಕಳೇ ಹುಡುಕಿಕೊಂಡು ಹೋಗಬೇಕು, ಅಲ್ವಾ?

ನಾಯಿಗೆ ಚೆನ್ನಾಗಿ ಪರಿಚಯವಿರುವ, ಮದುವೆಯಲ್ಲಿ ಬೇರೆ ಯಾವ ಜವಾಬ್ದಾರಿಯೂ ಇಲ್ಲದ ಒಬ್ಬರು ಬೇಕು. ದಿನಾ ವಾಕಿಂಗ್‌ಗೆ ಕರೆದುಕೊಂಡು ಹೋಗುವವರಾದರೆ ತುಂಬ ಒಳ್ಳೆಯದು. ಟ್ರೈನರ್‌ ಆದರೂ ಸರಿ, ಮುಂಚೆಯೇ ನಾಯಿ ಜೊತೆ ಒಂದಿಷ್ಟು ಹೊತ್ತು ಕಳೆದಿರಬೇಕು. ಅವರಿಗೆ ನಾನು ಸ್ಪಷ್ಟವಾಗಿ ಹೇಳುತ್ತೇನೆ: ನಾಯಿಗೆ ಸಾಕಾಯಿತು ಅನ್ನಿಸಿದ ಕ್ಷಣ ಹೊರಡಿ, ಯಾರ ಒಪ್ಪಿಗೆಗೂ ಕಾಯಬೇಡಿ.

ಸಾಕಾಯಿತು ಅಂತ ಗೊತ್ತಾಗುವುದು ಹೇಗೆ? ಬಹಳ ಜನ ಬಾಲ ಮಾತ್ರ ನೋಡುತ್ತಾರೆ. ಗಾಬರಿಯಾದ ನಾಯಿಯೂ ಬಾಲ ಅಲ್ಲಾಡಿಸುತ್ತದೆ. ನಿದ್ದೆ ಬರದಿದ್ದರೂ ಆಕಳಿಸುವುದು, ಮೂತಿ ನೆಕ್ಕಿಕೊಳ್ಳುವುದು, ಕಿವಿ ಹಿಂದಕ್ಕೆ ಒತ್ತುವುದು, ಕಣ್ಣಂಚಿನಲ್ಲಿ ಬಿಳಿ ಕಾಣುವುದು, ಇವನ್ನು ಗಮನಿಸಬೇಕು. ನಾನು ಹೆಚ್ಚು ನಂಬುವುದು ಇನ್ನೊಂದನ್ನು. ತನಗೆ ಬಹಳ ಇಷ್ಟವಾದ ತಿಂಡಿ ಕೊಟ್ಟರೂ ಮುಖ ತಿರುಗಿಸಿದರೆ ಮುಗಿಯಿತು, ಮನೆಗೆ ಹೊರಡುವ ಹೊತ್ತು.

ಸದ್ದು ಎಷ್ಟು ಕೀರಲು ಅನ್ನುವುದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ನಮಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿಸಿದರೆ ನಾಯಿಗೆ 45,000ದ ಹತ್ತಿರದವರೆಗೆ ಕೇಳಿಸುತ್ತದೆ. ಸ್ಪೀಕರ್ ಪಕ್ಕ ಅದನ್ನು ನಿಲ್ಲಿಸುವುದು ಶುದ್ಧ ಹಿಂಸೆ. ಪಟಾಕಿ ಇದ್ದರಂತೂ ಅದಕ್ಕೆ ಮೊದಲೇ ನಾಯಿ ಮನೆ ಸೇರಿರಬೇಕು. ಇದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಹಾಗಾಗಿ ನಾಯಿಯ ಪಾಲು ಚಿಕ್ಕದಾಗಿರಬೇಕು. ಜನ ಸೇರುವ ಮುಂಚೆ ಫೋಟೋ ತೆಗೆಸಿಬಿಡುತ್ತೇವೆ. ಫ್ಲ್ಯಾಶ್ ಬೇಡ, ಫೋಟೋಗ್ರಾಫರ್ ನೆಲಕ್ಕೆ ಕೂತು ನಾಯಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಬೇಕು. ಆಮೇಲೆ ಜೋಡಿಯ ಜೊತೆ ಒಮ್ಮೆ ನಡೆದು ಬಂದರೆ ಸಾಕು. ಉಂಗುರ ತರುವ ಆಸೆ ಇದ್ದರೆ ಕೊರಳಿಗೆ ಖಾಲಿ ಡಬ್ಬಿ ಕಟ್ಟಿ, ನಿಜವಾದ ಉಂಗುರ ಯಾರದಾದರೂ ಜೇಬಿನಲ್ಲಿರಲಿ. ಹೂವಿನ ಹಾರ ಹಾಕುವುದಾದರೆ ಯಾವ ಹೂವು ಅಂತ ನೋಡಿ. ಕಣಗಿಲೆ ನಾಯಿಗೆ ವಿಷ. ಮಕ್ಕಳು ಪ್ರೀತಿಯಿಂದ ಕೊಡುವ ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿಯೂ ಅಷ್ಟೇ ಅಪಾಯ.

ಬಟ್ಟೆ ಹೊಲಿಸುವವರಿಗೆ ಒಂದು ಮಾತು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಅದೂ ಕಷ್ಟ. ದಪ್ಪ ಬಟ್ಟೆ ಬೇಡವೇ ಬೇಡ. ತೆಳ್ಳಗಿನದನ್ನೂ ಕೆಲವು ದಿನ ಮುಂಚೆ ಮನೆಯಲ್ಲಿ ಹಾಕಿ ನೋಡಿ.

ವಯಸ್ಸಾದ ಅಥವಾ ಹೊಸಬರನ್ನು ಕಂಡರೆ ನಡುಗುವ ನಾಯಿಯಾದರೆ ನೇರವಾಗಿಯೇ ಹೇಳುತ್ತೇನೆ, ಕರೆತರಬೇಡಿ ಅಂತ. ಬೇರೆ ದಿನ ಮದುವೆ ಬಟ್ಟೆ ಹಾಕಿಕೊಂಡು ಮನೆಯಂಗಳದಲ್ಲಿ ಅದರ ಜೊತೆ ಫೋಟೋ ತೆಗೆಸಿಕೊಳ್ಳಬಹುದು. ಕೆಲವರಿಗೆ ಬೇಜಾರಾಗುತ್ತದೆ, ಆಗಲಿ.

ಹಾಲ್‌ನವರ ಒಪ್ಪಿಗೆಯನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳುತ್ತೇನೆ. ಬಾಯಿಮಾತು ಆ ದಿನ ಬಾಗಿಲಲ್ಲಿ ನಿಂತವರಿಗೆ ತಲುಪಿರುವುದಿಲ್ಲ. ಮನೆಯ ಹಿರಿಯರು ಒಪ್ಪದಿದ್ದರೆ ಕಾರ್ಯಕ್ರಮದ ಪಟ್ಟಿಯನ್ನೇ ಮುಂದಿಡುತ್ತೇನೆ: ನಾಯಿ ಬರುವ ಹೊತ್ತು, ಹೊರಡುವ ಹೊತ್ತು, ನೋಡಿಕೊಳ್ಳುವವರ ಹೆಸರು. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧವನ್ನು ಮನೆಯವರೇ ಬಗೆಹರಿಸಿಕೊಳ್ಳಬೇಕು, ಅದರಲ್ಲಿ ನಾನು ತಲೆ ಹಾಕುವುದಿಲ್ಲ.