ಆಪರೇಷನ್ ಮಾಡುವಾಗ ಬೇಕಂತಲೇ ಬಿಪಿ ಇಳಿಸ್ತಾರಂತೆ, ಅಪಾಯ ಅಲ್ವಾ?

ನಾನು ಅನಸ್ತೇಷಿಯಾ ಕೊಡುವ ಡಾಕ್ಟರ್. ಸೈನಸ್ ಅಥವಾ ಕಿವಿಯ ಆಪರೇಷನ್‌ಗೆ ಬಂದವರ ಮನೆಯವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ಬಿಪಿ ತೀರಾ ಕಮ್ಮಿ ಆದ್ರೆ ಅಪಾಯ ಅಂತ ನೀವೇ ಹೇಳ್ತೀರಿ, ಮತ್ತೆ ನೀವೇ ಔಷಧಿ ಕೊಟ್ಟು ಇಳಿಸೋದು ಯಾಕೆ?" ಖಂಡಿತ ಕೇಳಬೇಕಾದ ಪ್ರಶ್ನೆ.

ಅಪಾಯ ಇದೆ. ಯಾರಿಗೆ, ಎಷ್ಟು ಇಳಿಸಬೇಕು ಅಂತ ಸರಿಯಾಗಿ ತೀರ್ಮಾನಿಸಿದರೆ ಅದು ತುಂಬಾ ಕಡಿಮೆಯಾಗುತ್ತದೆ.

ಮೊದಲು, ಇಳಿಸುವುದು ಯಾಕೆ ಅಂತ ನೋಡೋಣ. ಸೈನಸ್ ಆಪರೇಷನ್‌ನಲ್ಲಿ ಸರ್ಜನ್ ಮೂಗಿನೊಳಗೆ ಎಂಡೋಸ್ಕೋಪ್ (ಒಳಗಿನದನ್ನು ತೋರಿಸುವ, ಲೆನ್ಸ್ ಇರುವ ತೆಳುವಾದ ಕೊಳವೆ) ಹಾಕಿ ಕೆಲಸ ಮಾಡುತ್ತಾರೆ. ತೆಳುವಾದ ಮೂಳೆಯ ಆ ಕಡೆ ಕಣ್ಣು, ಮೇಲುಗಡೆ ಮೆದುಳು. ಲೆನ್ಸಿಗೆ ಒಂದು ಹನಿ ರಕ್ತ ಮೆತ್ತಿಕೊಂಡರೂ ಏನೂ ಕಾಣುವುದಿಲ್ಲ. ಕಿವಿಯೊಳಗಿನ ಅತಿ ಚಿಕ್ಕ ಮೂಳೆ ಸುಮಾರು 3 ಮಿಲಿಮೀಟರ್ ಅಷ್ಟೇ, ಅಲ್ಲೂ ಅದೇ ಕಥೆ. ಇಂಥ ಕಡೆ ಎಷ್ಟು ರಕ್ತ ಹೋಯಿತು ಅನ್ನುವುದಕ್ಕಿಂತ ಸರ್ಜನ್‌ಗೆ ಕಾಣುತ್ತಾ ಇಲ್ವಾ ಅನ್ನುವುದೇ ದೊಡ್ಡದು. ಬೆನ್ನುಮೂಳೆ, ಸೊಂಟದ ಕೀಲು, ದವಡೆಯ ದೊಡ್ಡ ಆಪರೇಷನ್‌ಗಳಲ್ಲಿ ಮಾತ್ರ ರಕ್ತ ಉಳಿಸುವುದೂ ಮುಖ್ಯ ಉದ್ದೇಶ.

ಇದು ಹೊಸ ಯೋಚನೆಯೇನಲ್ಲ. 1946ರಲ್ಲಿ ಗಾರ್ಡ್ನರ್ ಎಂಬ ಸರ್ಜನ್ ರೋಗಿಯ ಅಪಧಮನಿಯಿಂದಲೇ ರಕ್ತ ತೆಗೆದು ಒತ್ತಡ ಇಳಿಸಿ, ನಂತರ ಅದನ್ನು ವಾಪಸ್ ಕೊಟ್ಟ ಬಗ್ಗೆ ಬರೆದರು. 1950ರಲ್ಲಿ ಎಂಡರ್ಬಿ ಎಂಬ ಅನಸ್ತೇಷಿಯಾ ಡಾಕ್ಟರ್ ಅದೇ ಕೆಲಸವನ್ನು ಔಷಧಿಯಿಂದ, ಜೊತೆಗೆ ತಲೆಯ ಭಾಗ ಎತ್ತರಿಸಿ ಮಲಗಿಸುವುದರಿಂದ ಮಾಡಬಹುದು ಅಂತ ತೋರಿಸಿದರು. ಈಗ ನಮ್ಮ ಕೈಯಲ್ಲಿರುವ ಔಷಧಿಗಳ ದೊಡ್ಡ ಗುಣ ಅಂದರೆ ಅವು ಬೇಗ ಹೋಗಿಬಿಡುತ್ತವೆ. ಹೃದಯದ ಬಡಿತ ನಿಧಾನ ಮಾಡುವ ಎಸ್ಮೊಲಾಲ್ ಸುಮಾರು 9 ನಿಮಿಷದಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ರಕ್ತನಾಳ ಹಿಗ್ಗಿಸುವ ನೈಟ್ರೋಪ್ರುಸೈಡ್ ಒಂದೆರಡು ನಿಮಿಷದಲ್ಲಿ ಕೆಲಸ ಶುರು ಮಾಡುತ್ತದೆ, ಡ್ರಿಪ್ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಬಿಪಿ ಮೇಲೇರುತ್ತದೆ. ಆದರೆ ಅದು ದೇಹದಲ್ಲಿ ಒಡೆದಾಗ ಸಯನೈಡ್ ಹೊರಬರುತ್ತದೆ, ಹಾಗಾಗಿ ಎಷ್ಟು ಕೊಡಬೇಕು, ಎಷ್ಟು ಹೊತ್ತು ಕೊಡಬೇಕು ಅನ್ನುವುದರಲ್ಲಿ ತುಂಬಾ ಕಟ್ಟುನಿಟ್ಟು.

ಎಷ್ಟೋ ಸಲ ಇವು ಬೇಕಾಗುವುದೇ ಇಲ್ಲ. ಪ್ರೊಪೊಫೋಲ್, ರೆಮಿಫೆಂಟನಿಲ್ ತರಹದ ಅರಿವಳಿಕೆ ಔಷಧಿಗಳೇ ಬಿಪಿಯನ್ನು ಬೇಕಾದಷ್ಟು ತಗ್ಗಿಸುತ್ತವೆ. ಇನ್ನೊಂದು ವಿಷಯ: ಬಿಪಿ ಕಮ್ಮಿ ಆದಷ್ಟೂ ರಕ್ತ ಕಮ್ಮಿ ಅನ್ನುವ ಲೆಕ್ಕ ಪೂರ್ತಿ ಸರಿಯಲ್ಲ. ಬರೀ ರಕ್ತನಾಳ ಹಿಗ್ಗಿಸುವ ಔಷಧಿ ಕೊಟ್ಟರೆ ಹೃದಯ ಅದನ್ನು ಸರಿದೂಗಿಸೋಕೆ ಜೋರಾಗಿ ಬಡಿಯುತ್ತದೆ, ಮೂಗಿನೊಳಗಿನ ಸಣ್ಣ ಸಣ್ಣ ನಾಳಗಳೂ ಹಿಗ್ಗಿ ಜಿನುಗುತ್ತಲೇ ಇರುತ್ತವೆ, ಮಾನಿಟರ್‌ನಲ್ಲಿ ನಂಬರ್ ಚೆನ್ನಾಗಿದ್ದರೂ ಸರ್ಜನ್‌ಗೆ ಏನೂ ಕಾಣದ ಸ್ಥಿತಿ. ಅದಕ್ಕೇ ಸೈನಸ್ ಕೇಸ್‌ನಲ್ಲಿ ಹೃದಯದ ಬಡಿತ ನಿಧಾನ ಮಾಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಈಗ, ಎಷ್ಟು ಇಳಿಸಬಹುದು? ನಾವು ನೋಡುವುದು ಸರಾಸರಿ ಒತ್ತಡ, ಅಂದರೆ ಒಂದು ಬಡಿತದ ಪೂರ್ತಿ ಅವಧಿಯ ಸರಾಸರಿ; ಅದು ಬಿಪಿಯ ಕೆಳಗಿನ ನಂಬರಿಗೇ ಹೆಚ್ಚು ಹತ್ತಿರ ಇರುತ್ತದೆ. 120/80 ಇದ್ದವರಿಗೆ ಅದು ಸುಮಾರು 93. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 60ರಿಂದ 65ರವರೆಗೆ ತರುತ್ತೇವೆ. ಒತ್ತಡ ಏರಿಳಿದರೂ ಮೆದುಳು ತನಗೆ ಬೇಕಾದ ರಕ್ತವನ್ನು ಒಂದು ಮಟ್ಟದವರೆಗೆ ತಾನೇ ಹೊಂದಿಸಿಕೊಳ್ಳುತ್ತದೆ. ಆ ಕೆಳಗಿನ ಮಿತಿ 50 ಅಂತ ಹಳೆಯ ಪುಸ್ತಕಗಳಲ್ಲಿತ್ತು. ಅದು ಒಬ್ಬೊಬ್ಬರಿಗೆ ಒಂದೊಂದು ತರಹ, ಎಷ್ಟೋ ಜನರಲ್ಲಿ ಅದಕ್ಕಿಂತ ಮೇಲೇ ಇರುತ್ತದೆ ಅಂತ ಈಗ ಗೊತ್ತಾಗಿದೆ. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದವರ ಮೆದುಳು ಆ ಜಾಸ್ತಿ ಒತ್ತಡಕ್ಕೇ ಒಗ್ಗಿಹೋಗಿರುತ್ತದೆ, ಹಾಗಾಗಿ ಇಪ್ಪತ್ತೈದು ವರ್ಷದ ಆರೋಗ್ಯವಂತರಿಗೆ ಏನೂ ಅನ್ನಿಸದ 60, ಅವರ ಮೆದುಳಿಗೂ ಕಿಡ್ನಿಗೂ ಸಾಲದೇ ಹೋಗಬಹುದು. ಹೃದಯದ ನಾಳ ಕಟ್ಟಿಕೊಂಡಿರುವವರು, ಹಿಂದೆ ಸ್ಟ್ರೋಕ್ ಆದವರು, ಕತ್ತಿನ ರಕ್ತನಾಳ ಕಿರಿದಾದವರು, ಕಿಡ್ನಿ ತೊಂದರೆ ಇರುವವರು, ರಕ್ತ ತೀರಾ ಕಮ್ಮಿ ಇರುವವರು, ಗರ್ಭಿಣಿಯರು, ಇವರಿಗೆ ನಾನು ಇಳಿಸುವುದಿಲ್ಲ. ಸರ್ಜನ್ ಕೇಳಿದರೂ ಇಲ್ಲ. ತಲೆ ಸ್ವಲ್ಪ ಎತ್ತರಿಸುವುದು, ಮೂಗಿನ ಒಳಪದರಕ್ಕೆ ನಾಳ ಕುಗ್ಗಿಸುವ ಔಷಧಿ ಹಾಕುವುದು, ರಕ್ತಸ್ರಾವ ಕಮ್ಮಿ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಕೊಡುವುದು, ಹೀಗೆ ಬೇರೆ ದಾರಿಗಳಿವೆ.

ಔಷಧಿಯಿಂದ ಇಳಿಸುವಾಗ ಮಣಿಕಟ್ಟಿನ ಅಪಧಮನಿಗೆ ಸಣ್ಣ ನಳಿಕೆ ಹಾಕಿ, ಪ್ರತಿ ಬಡಿತದ ಒತ್ತಡವನ್ನೂ ನೋಡುತ್ತಿರುತ್ತೇವೆ. ತೋಳಿನ ಪಟ್ಟಿ ಕೆಲವು ನಿಮಿಷಕ್ಕೊಮ್ಮೆ ಮಾತ್ರ ಅಳೆಯುತ್ತದೆ, ಅಷ್ಟು ಸಾಲದು. ತಲೆ ಎತ್ತರಿಸಿದ್ದರೆ ಇನ್ನೊಂದು ಲೆಕ್ಕವಿದೆ. ಹೃದಯಕ್ಕಿಂತ ಪ್ರತಿ 13 ಸೆಂಟಿಮೀಟರ್ ಮೇಲಕ್ಕೆ ಹೋದಂತೆ ಒತ್ತಡ ಸುಮಾರು 10 ಕಮ್ಮಿ. ಹೃದಯದ ಮಟ್ಟದಲ್ಲಿ 65 ಇದ್ದರೆ, 20 ಸೆಂಟಿಮೀಟರ್ ಮೇಲಿರುವ ಮೆದುಳಿಗೆ ಸಿಗುವುದು 50 ಅಷ್ಟೇ! ಅದಕ್ಕೇ ಅಳೆಯುವ ಸಾಧನವನ್ನು ಕಿವಿಯ ಮಟ್ಟಕ್ಕೆ ಇಡುತ್ತೇವೆ. ಕೆಲಸ ಮುಗಿಸಿ ಹೊಲಿಗೆ ಹಾಕುವ ಮೊದಲು ಬಿಪಿಯನ್ನು ಮತ್ತೆ ಮಾಮೂಲಿಗೆ ತಂದು, ಎಲ್ಲಾದರೂ ರಕ್ತ ಒಸರುತ್ತಾ ಅಂತ ಸರ್ಜನ್ ನೋಡುತ್ತಾರೆ.

ನಿಮ್ಮ ಆಪರೇಷನ್‌ಗೆ ಮೊದಲು ಅನಸ್ತೇಷಿಯಾ ಡಾಕ್ಟರ್ ಮಾತಾಡಿಸಲು ಬಂದಾಗ, ಮನೆಯಲ್ಲಿ ನಿಮ್ಮ ಬಿಪಿ ಸಾಮಾನ್ಯವಾಗಿ ಎಷ್ಟಿರುತ್ತದೆ ಅಂತ ಹೇಳಿ. ಯಾವ ಮಾತ್ರೆ ನುಂಗುತ್ತೀರಿ ಅನ್ನುವುದನ್ನೂ ಹೇಳಿ. ಕೆಲವು ಬಿಪಿ ಮಾತ್ರೆ ಹಿಂದಿನ ದಿನವೇ ನಿಲ್ಲಿಸಬೇಕಾಗುತ್ತದೆ, ಕೆಲವನ್ನು ಏನೇ ಆದರೂ ತಪ್ಪಿಸಬಾರದು, ಅದನ್ನು ನೀವಾಗಿ ತೀರ್ಮಾನಿಸಬೇಡಿ. ಯಾವತ್ತೋ ಒಂದು ದಿನ ಕೈಕಾಲು ಸೋತು, ಮಾತು ತೊದಲಿ, ಆಮೇಲೆ ತಾನೇ ಸರಿಹೋಗಿದ್ದರೆ ಅದನ್ನಂತೂ ಮುಚ್ಚಿಡಬೇಡಿ. ಆ ಒಂದು ಮಾತು ಗೊತ್ತಾದರೆ ನಾನು ನಿಮ್ಮ ಬಿಪಿ ಇಳಿಸುವ ಯೋಚನೆಯನ್ನೇ ಬಿಡುತ್ತೇನೆ.